ಭಾರದ ಮಗ್ಗುಲ ಕಲ್ಲು

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಚರಂಡಿ ರಿಪೇರಿಯ ದಿನ ಅಲ್ಲಿದ್ದವರು ನಾನು, ಸೂಪರ್‌ವೈಜರ್, ಯಾದಗಿರಿ ಕಡೆಯ ಮೂವರು ಕೂಲಿ ಹೆಂಗಸರು, ಮತ್ತು ಹಾರೆ ಹಿಡಿದ ಆ ಮುದುಕ. ಚರಂಡಿಯ ಮೇಲಿನ ಪ್ರತಿ ಚಪ್ಪಡಿ ಎತ್ತುವ ಮುಂಚೆ ಆತ ಹಾರೆಯ ಕೆಳಗೊಂದು ಕಲ್ಲಿಟ್ಟು, ಅಂಗೈಯಿಂದ ತಟ್ಟಿ ನೋಡುತ್ತಿದ್ದ. "ಕಲ್ಲು ಭಾರದ ಮಗ್ಗಲಿಗಿರಬೇಕ್ರಿ, ನಾವು ದೂರ ಇರಬೇಕು" ಎಂದು ಪ್ರತಿ ಸಲವೂ ಹೇಳುತ್ತಿದ್ದ.

ಆ ಸೂಪರ್‌ವೈಜರನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು! "ಜಲ್ದಿ ತಾತಾ, ಕಲ್ಲಿಗೆ ಪೂಜಾ ಮಾಡಾಕತ್ತೀ ಏನು?" ಎಂದು ಹಾರೆ ಕಸಿದುಕೊಂಡ. ಚಪ್ಪಡಿ ಇನ್ನೂ ಮೇಲೇಳಲಿ ಎಂದು ಕಲ್ಲನ್ನು ತನ್ನ ಕಡೆಗೆ ಎಳೆದು ಹಾರೆ ಒತ್ತಿದ. ಭಾರ ತಡೆಯಲಾಗದೆ ಕೈಬಿಟ್ಟ. ಕೆಸರು ಬಳಿಯುತ್ತಿದ್ದ ಹೆಂಗಸಿನ ಪಾದ ಚಪ್ಪಡಿಯ ಅಡಿಗೆ ಸಿಕ್ಕಿತು. ನಾವೆಲ್ಲ ಕೈಹಾಕಿ ಎತ್ತಿದರೂ ಚಪ್ಪಡಿ ಅಲುಗಲಿಲ್ಲ.

ಮುದುಕ ಸೂಪರ್‌ವೈಜರನ ಕಾಲರ್ ಹಿಡಿದು ಆಚೆ ದಬ್ಬಿದ. "ಸರೀಲೇ ಭಾಡ್ಯಾ! ಶಕ್ತಿ ತೋರ್ಸಾಕ ಇದೇನ್ ಗರಡಿಮನಿಯೇನ?" ಕಲ್ಲನ್ನು ಮತ್ತೆ ಚಪ್ಪಡಿಯ ಹತ್ತಿರಕ್ಕೆ ಸರಿಸಿ, ಹಾರೆಯ ತುದಿಗೆ ಒಬ್ಬನೇ ಒರಗಿದ. ಚಪ್ಪಡಿ ಎದ್ದಿತು.

"ಕಾಲ್ ತಗೀಯವ್ವಾ!"

ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಕಾಲರಿಗೆ ಕೈಹಾಕಿದನೆಂದು ಮರುದಿನ ಮುದುಕನನ್ನೇ ಕೆಲಸದಿಂದ ತೆಗೆದರು. ಉಳಿದಿದ್ದ ಇಬ್ಬರು ಹೆಂಗಸರು ಬುಟ್ಟಿ ಕೆಳಗಿಟ್ಟು ಅವನ ಹಿಂದೆಯೇ ಹೊರಟುಹೋದರು.