ಚೀಟಿ ಇಲ್ಲದೆ ಕೊಟ್ಟ ಇಂಜೆಕ್ಷನ್

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಅಕ್ಷರ ಚೆಂದವಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ, ದಯಮಾಡಿ ಕ್ಷಮಿಸಬೇಕು.

ವಿಷಯ: ಹುಕ್ಕೇರಿಯ ಔಷಧ ಅಂಗಡಿಯವರ ಕುರಿತು.

ಸದರಿ ಹಿರಿಯರು ಡಾಕ್ಟರ ಚೀಟಿಯನ್ನು ಬೆಳಕಿಗೆ ಹಿಡಿದು ಓದದೆ ಯಾರಿಗೂ ಔಷಧ ಕೊಟ್ಟವರಲ್ಲ. "ಚೀಟಿ ಐತೇನ್ರಿ?" ಎಂಬುದೇ ಅವರ ನಮಸ್ಕಾರ. ಸ್ವಂತ ಅಳಿಯನನ್ನೂ "ಮನ್ಯಾಗ ಅಳ್ಯಾರು, ಇಲ್ಲಿ ಗಿರಾಕಿ" ಎಂದು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಕಂಡಿದ್ದೇನೆ.

ನನ್ನ ತಂದೆಯವರು ಕ್ಯಾನ್ಸರಿನ ನೋವಿಗೆ ಮಾರ್ಫಿನ್ ಮಾತ್ರೆ ನುಂಗುತ್ತಿದ್ದರು. ಒಂದು ಮಧ್ಯಾಹ್ನ ಮರೆತು ಎರಡು ಸಲ ನುಂಗಿದ್ದರಿಂದ ಉಸಿರು ನಿಲ್ಲುವಂತಾಯಿತು. ನೆರೆಮನೆಯ ನರ್ಸಬಾಯಿಯವರು ಮಾರ್ಫಿನ್ನಿನ ಅಮಲು ಇಳಿಸುವ ನಾಲೊಕ್ಸೋನ್ ಇಂಜೆಕ್ಷನ್ ತರಲು ನನ್ನನ್ನು ಓಡಿಸಿದರು.

"ಚೀಟಿ ಐತೇನ್ರಿ?"

"ಡಾಕ್ಟರು ಬೆಳಗಾವಿಗೆ ಹೋಗ್ಯಾರ್ರಿ ಕಾಕಾ. ಅಪ್ಪನ ಉಸರ ಆಡವಲ್ದು."

ಅವರು ಕನ್ನಡಕವನ್ನು ಹಣೆಗೇರಿಸಿ ಕಪಾಟು ತೆರೆದರು. ಬಳಿಕ ಔಷಧವನ್ನು ನನ್ನ ಕೈಗಿಟ್ಟು, "ಓಡವಾ ತಂಗಿ. ಡಾಕ್ಟರು ಬಂದ ಕೂಡ್ಲೆ ಚೀಟಿ ಬರಸ್ಕೊಂಡ ಬಾ" ಎಂದರು.

ತಂದೆಯವರು ಉಳಿದರು. ಸಂತೋಷದಲ್ಲಿ ನಾನು ಚೀಟಿಯನ್ನು ಮರೆತೆ. ಔಷಧ ಇಲಾಖೆಗೆ ಅಭಿನಂದನಾ ಪತ್ರ ಬರೆಯುವುದನ್ನು ಮಾತ್ರ ಮರೆಯಲಿಲ್ಲ. ಚೀಟಿ ಇಲ್ಲದಿದ್ದರೂ ಇಂಜೆಕ್ಷನ್ ನೀಡಿ ಜೀವ ಉಳಿಸಿದ ಇವರನ್ನು ಗೌರವಿಸಬೇಕೆಂದು ಕೋರಿದ್ದೆ. ಆ ಪತ್ರವನ್ನೇ ಆಧಾರವಾಗಿಟ್ಟುಕೊಂಡು ಇಲಾಖೆಯವರು ಅವರ ಪರವಾನಗಿಯನ್ನು ಅಮಾನತುಗೊಳಿಸಿದರು.

ಕ್ಷಮೆ ಕೇಳಲು ಹೋದಾಗ ಅವರು ಕಪಾಟುಗಳನ್ನು ಖಾಲಿ ಮಾಡುತ್ತಿದ್ದರು. "ಪತ್ರ ಛಲೋ ಬರದೀ ತಂಗಿ," ಎಂದರು. "ಚೀಟಿ ತಂದಿದ್ರ ಸಾಕಿತ್ತವಾ."

ಅಂದು ಆ ಪತ್ರವನ್ನು ಕಳಿಸುವ ಮುನ್ನ ನಾನು ಯಾರಿಗೂ ತೋರಿಸಿರಲಿಲ್ಲ. ಇದನ್ನು ತಮಗೆ ತೋರಿಸುತ್ತಿದ್ದೇನೆ. ತಪ್ಪು ಕಂಡಲ್ಲಿ ತಿದ್ದಬೇಕಾಗಿ ಪ್ರಾರ್ಥಿಸುತ್ತೇನೆ.