ಬೆಸುಗೆಯಕ್ಕನ ಹಾರುವ ತಟ್ಟೆ

ಮೊದಲೇ ಹೇಳಿಬಿಡುವುದು ವಾಸಿ, ಆಮೇಲೆ ತಕರಾರು ಬೇಡ: ಆ ಶನಿವಾರ ಸಂಜೆ ಊರಿನ ಮೇಲೆ ನಿಂತಿದ್ದದ್ದು ಬಲೂನು. ಹಾರುವ ತಟ್ಟೆಯಲ್ಲ. ಅದರೊಳಗೆ ಹಸಿರು ಮನುಷ್ಯರೂ ಇರಲಿಲ್ಲ, ನೀಲಿಯವರೂ ಇರಲಿಲ್ಲ. ಊರಿನಲ್ಲಿ ಇದನ್ನು ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದವಳು ಬೆಸುಗೆಯಕ್ಕ, ಏಕೆಂದರೆ ಆ ಬಲೂನನ್ನು ಮಾಡಿದವಳೇ ಅವಳು. ಆದರೆ ಟಿವಿಯವರ ಮುಂದೆ ನಿಂತು "ಅದು ಬಲೂನಲ್ಲ, ಸುತರಾಂ ಅಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದವಳೂ ಅವಳೇ. ಹೀಗೇಕಾಯಿತು ಎಂಬುದು ತಿಳಿಯಬೇಕಾದರೆ ಅವಳ ಕೆಲಸ ಎಂಥದ್ದೆಂದು ತಿಳಿಯಬೇಕು.

ಊರಾಚೆ ಒಂದು ಬಲೂನು ಕಾರ್ಖಾನೆಯಿದೆ. ಮಕ್ಕಳ ಹುಟ್ಟುಹಬ್ಬದ ಬಲೂನಲ್ಲ. ಹಾಗೆಂದವರ ಜೊತೆ ಬೆಸುಗೆಯಕ್ಕ ಮೂರು ದಿನ ಮಾತು ಬಿಡುತ್ತಿದ್ದಳು. ವಿಜ್ಞಾನಿಗಳು ತಮ್ಮ ಯಂತ್ರಗಳನ್ನು ಕಟ್ಟಿ ಮೂವತ್ತು ಮೂವತ್ತೈದು ಕಿಲೋಮೀಟರು ಮೇಲಕ್ಕೆ ಬಿಡುವ, ಉಬ್ಬಿದರೆ ಒಂದು ಸಿನಿಮಾ ಟಾಕೀಸೇ ಒಳಗೆ ಹಿಡಿಯುವಂಥ ಬಲೂನು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪ್ಲಾಸ್ಟಿಕ್ ಪಟ್ಟಿಗಳನ್ನು ಕಿತ್ತಳೆ ತೊಳೆಗಳ ಹಾಗೆ ಒಂದರ ಪಕ್ಕ ಒಂದು ಜೋಡಿಸಿ, ಅಂಚುಗಳನ್ನು ಕಾವು ಕೊಟ್ಟು ಬೆಸೆಯಬೇಕು. ಮೇಜಿನ ಉದ್ದವೇ ಎಂಬತ್ತು ಮೀಟರು. ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಕಾಲುಚೀಲ ಹಾಕಬೇಕು. ಬಳೆ, ಉಂಗುರ, ವಾಚು ಬಾಗಿಲಲ್ಲೇ ಕಳಚಿಡಬೇಕು. ಉಗುರು ಬುಡದವರೆಗೆ ಕತ್ತರಿಸಿರಬೇಕು. ಒಂದು ಗೀರು ಬಿದ್ದರೆ ಮೂರು ತಿಂಗಳ ಕೆಲಸ ಕಸದ ಬುಟ್ಟಿಗೆ. ಒಂದು ಬಲೂನಿಗೆ ಒಬ್ಬಳೇ ಬೆಸುಗೆಯವಳು ಎಂಬುದು ಅಲ್ಲಿನ ಪದ್ಧತಿ, ಏಕೆಂದರೆ ಕೈ ಬದಲಾದರೆ ಕಾವೂ ಬದಲಾಗುತ್ತದೆ. ಬೆಸೆದು ಮುಗಿಸಿದವಳು ಅಷ್ಟುದ್ದ ಬೆಸುಗೆಯನ್ನೂ ಬರಿಬೆರಳಲ್ಲಿ ಸವರಿಕೊಂಡು ಹೋಗಿ, ಸರಿಯಿದೆ ಎಂದು ರಿಜಿಸ್ಟರಿನಲ್ಲಿ ತನ್ನ ನಂಬರು ಬರೆಯಬೇಕು.

ಬೆಸುಗೆಯಕ್ಕನದು ನಾಲ್ಕನೇ ನಂಬರು. ಆ ನಂಬರಿನ ಎದುರು 'ಸೋರಿಕೆ' ಎಂಬ ಕಾಲಮ್ಮು ಮೂವತ್ತೊಂದು ವರ್ಷದಿಂದ ಖಾಲಿಯಿತ್ತು. ಉಳಿದವರಿಗೆಲ್ಲ ಒಂದೋ ಎರಡೋ ಬಿದ್ದಿದ್ದವು. ಅವಳಿಗೆ ಎಳ್ಳುಕಾಳಿನಷ್ಟೂ ಇಲ್ಲ. ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಅಂದು ಕೊಡಲಿಕ್ಕೆ ಒಂದು ಹಿತ್ತಾಳೆ ಫಲಕ ಸಿದ್ಧವಾಗುತ್ತಿತ್ತು: 'ಮೂವತ್ತೊಂದು ವರ್ಷ, ಒಂದೂ ಸೋರಿಕೆಯಿಲ್ಲ.' ಆಸ್ತಿ, ಒಡವೆ ಯಾವುದರ ಮೇಲೂ ಆಸೆಯಿಲ್ಲದ ಹೆಂಗಸಿಗೆ ಈ ಒಂದು ಸಾಲಿನ ಮೇಲೆ ಪ್ರಾಣ. ಫಲಕ ಬರುವ ಮೊದಲೇ ಮನೆಯ ಗೋಡೆಗೆ ಮೊಳೆ ಹೊಡೆಸಿ, ಹೋಗುತ್ತಾ ಬರುತ್ತಾ ಆ ಮೊಳೆಯನ್ನೇ ನೋಡಿ ಸಂತೋಷಪಡುತ್ತಿದ್ದಳು.

ಫಲಕ ಕೆತ್ತುವ ಕೆಲಸ ಬಂದಿದ್ದು ಅವಳ ಗಂಡನಿಗೇ. ಅವನು ಗಡಿಯಾರ ರಿಪೇರಿಯವನು, ಜೊತೆಗೆ ಅಕ್ಷರ ಕೆತ್ತುತ್ತಿದ್ದ. ಊರಿನಲ್ಲಿ ಎರಡನ್ನೂ ಬಲ್ಲವನು ಅವನೊಬ್ಬನೇ. ಸಾಧು ಪ್ರಾಣಿ. ಜೇಬಿನಲ್ಲೊಂದು ಪುಟ್ಟ ಪುಸ್ತಕ ಇಟ್ಟುಕೊಂಡು ಕಂಡಿದ್ದಕ್ಕೆಲ್ಲ ಹೊತ್ತು ಬರೆಯುವುದು ಅವನ ಹುಚ್ಚು. ಬಸ್ಸು ಬಂದ ಹೊತ್ತು, ಹಾಲು ಉಕ್ಕಿದ ಹೊತ್ತು, ಹೆಂಡತಿಗೆ ಕೋಪ ಬಂದ ಹೊತ್ತು, ಇಳಿದ ಹೊತ್ತು. ಅವಳ ಕೋಪದ ಸರಾಸರಿ ಹನ್ನೊಂದು ನಿಮಿಷ ಎಂದು ಅವನು ಲೆಕ್ಕ ಹಾಕಿದ್ದ, ಅದನ್ನು ಹೇಳಿದ ದಿನ ಮಾತ್ರ ಎರಡು ಗಂಟೆ ಹಿಡಿಯಿತು.

ಆ ಶನಿವಾರ ಸಂಜೆ ಬೆಸುಗೆಯಕ್ಕ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಎದುರು ಮಹಡಿಯ ನಿವೃತ್ತ ಡ್ರಿಲ್ ಮಾಸ್ತರರು "ಎಲ್ಲಾ ಹೊರಗೆ ಬನ್ರೋ! ಮೇಲೆ ನೋಡ್ರೋ!" ಎಂದು ಕೂಗಿದ್ದೇ ತಡ, ಬೀದಿಗೆ ಬೀದಿಯೇ ಹೊರಗೆ ಬಂತು. ಗಂಡ ಓಡಿಬಂದು ಬಚ್ಚಲಮನೆ ಬಾಗಿಲು ಬಡಿದ.

"ಬೇಗ ಬಾರೇ, ಆಕಾಶದಲ್ಲಿ ಏನೋ ಇದೆ!"

"ತಲೆ ತುಂಬಾ ಸೋಪಿದೆ! ಆಕಾಶ ಎಲ್ಲಿಗೂ ಓಡಿಹೋಗಲ್ಲ, ಹೋಗ್ರಿ!"

ಆಕಾಶ ಓಡಿಹೋಗಲಿಲ್ಲ ನಿಜ. ಆದರೆ ಅವಳು ತಲೆಗೆ ಟವೆಲು ಸುತ್ತಿಕೊಂಡು ಬರುವಷ್ಟರಲ್ಲಿ ಅದರಲ್ಲಿದ್ದದ್ದು ನೀರಿನ ಟ್ಯಾಂಕಿನ ಹಿಂದೆ ಮರೆಯಾಗಿತ್ತು.

"ಮೂರು ಕಿಟಕಿ ಇತ್ತು," ಎಂದರು ಡ್ರಿಲ್ ಮಾಸ್ತರರು. "ಒಳಗೆ ಯಾರೋ ಅಟೆನ್ಷನ್‌ನಲ್ಲಿ ನಿಂತಿದ್ರು. ನನ್ನ ಕಣ್ಣು ಇಂಥದ್ರಲ್ಲಿ ತಪ್ಪೋದೇ ಇಲ್ಲ."

ಗಂಡ ಪುಸ್ತಕ ತೆಗೆದ. "ಆರು ಹತ್ತಕ್ಕೆ ಕಾಣಿಸ್ತು. ಮೊದಲು ಬೆಳ್ಳಗೆ, ಆಮೇಲೆ ಕಿತ್ತಳೆ. ಕೆಳಗೆ ಉದ್ದಕ್ಕೆ ಏನೋ ನೇತಾಡ್ತಿತ್ತು. ಆರೂವರೆಯಿಂದ ಮೆಲ್ಲಗೆ ಇಳಿಯೋಕೆ ಶುರುವಾಯ್ತು. ನಿಮ್ಮ ಬಲೂನೇ ಇರಬೇಕು ಕಣೇ."

"ಇಳೀತಿತ್ತಾ?"

"ಇಳೀತಿತ್ತು. ಒಂದು ಪಕ್ಕ ಸ್ವಲ್ಪ ಚಪ್ಪಟೆ ಆಗಿತ್ತು."

ಆ ತಿಂಗಳು ಕಾರ್ಖಾನೆಯಿಂದ ಹೋಗಿದ್ದು ಒಂದೇ ಬಲೂನು, ಅದು ನಾಲ್ಕನೇ ನಂಬರಿನದು. ಸರಿಯಾದ ಬಲೂನು ಮಟಮಟ ಮಧ್ಯಾಹ್ನದೊಳಗೆ ಎಷ್ಟೋ ಮೇಲೆ ಹೋಗಿ, ಎಷ್ಟೋ ದೂರದಲ್ಲಿ ಇಳಿದಿರಬೇಕು. ಸೋರುವ ಬಲೂನು ಮಾತ್ರ ಏರಬೇಕಾದಷ್ಟು ಏರದೆ, ಅಡ್ಡಗಾಳಿಗೆ ಸಿಕ್ಕಿ, ಸಂಜೆ ಹೊತ್ತಿನಲ್ಲಿ ಬೇರೆಯವರ ಊರಿನ ಮೇಲೆ ಬೆಪ್ಪನಂತೆ ನಿಲ್ಲುತ್ತದೆ. ಇದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಅವಳ ತಲೆ ಬೇರೆ ದಾರಿ ಹಿಡಿಯಿತು: ನನ್ನ ಬಲೂನು ಸೋರುವುದಿಲ್ಲ, ಅದು ಸೋರುತ್ತಿತ್ತು, ಆದ್ದರಿಂದ ಅದು ನನ್ನ ಬಲೂನಲ್ಲ. ಮೂವತ್ತೊಂದು ವರ್ಷ ಒಂದೂ ತಪ್ಪು ಮಾಡದವರು ಮಾತ್ರ ಮಾಡಬಹುದಾದ ತಪ್ಪು ಇದು.

"ಬಲೂನಂತೆ ಬಲೂನು! ನಿಮಗೇನ್ರೀ ಗೊತ್ತು ಬಲೂನಿನ ವಿಷಯ?" ಎಂದು ಗಂಡನನ್ನು ಗದರಿಸಿ ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಟಿವಿಯ ವರದಿಗಾರ್ತಿ ಬಂದಳು. ಕಾರ್ಖಾನೆಗೆ ಬೀಗ. ಬಲೂನು ಹಾರಿಸಿದವರ ಕಚೇರಿಯಲ್ಲಿ ಫೋನು ಎತ್ತುವವರಿಲ್ಲ. ಬೇರೆ ಗ್ರಹದವರಿಗೆ ಭಾನುವಾರದ ರಜೆ ಇಲ್ಲವಲ್ಲ, ಮಾತೆಲ್ಲ ಅವರ ಕಡೆಗೇ ತಿರುಗಿತು. ಅಷ್ಟರಲ್ಲಿ ಯಾರೋ "ನಮ್ಮ ಬೀದಿಯಲ್ಲೇ ಬಲೂನು ಮಾಡೋರು ಇದ್ದಾರೆ" ಎಂದರು. ಮೈಕು ಬೆಸುಗೆಯಕ್ಕನ ಮೂಗಿನ ಹತ್ತಿರ ಬಂತು.

"ಮೂವತ್ತೊಂದು ವರ್ಷದ ಅನುಭವದ ಮೇಲೆ ಹೇಳ್ತಿದ್ದೀನಿ. ಅದು ಬಲೂನಲ್ಲ. ಸುತರಾಂ ಅಲ್ಲ."

"ಹಾಗಾದ್ರೆ ಏನಮ್ಮಾ ಅದು?"

ಅಷ್ಟು ದೂರ ಅವಳು ಯೋಚಿಸಿರಲಿಲ್ಲ. "ಅದು... ಅವರದ್ದು."

"ಯಾರದ್ದು?"

ಬೆಸುಗೆಯಕ್ಕ ಬೆರಳನ್ನು ಮೇಲಕ್ಕೆತ್ತಿ ತೋರಿಸಿದಳು. ಅಷ್ಟೇ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಪರದೆಯ ಕೆಳಗೆ 'ಬಲೂನು ತಜ್ಞೆಯಿಂದಲೇ ಸ್ಪಷ್ಟನೆ: ಅದು ಅವರದ್ದೇ!' ಎಂದು ಅಕ್ಷರ ಓಡತೊಡಗಿತು. ಪಕ್ಕದ ಊರುಗಳಿಂದ ಕಾರು ಮಾಡಿಕೊಂಡು ಜನ ಬಂದರು. ಡ್ರಿಲ್ ಮಾಸ್ತರರು ಅವಳಿಗೊಂದು ಸಲ್ಯೂಟು ಹೊಡೆದು, ಬರುವ ಅತಿಥಿಗಳನ್ನು ಶಿಸ್ತಿನಿಂದ ಎದುರುಗೊಳ್ಳುವುದು ಹೇಗೆಂದು ಮಹಡಿಯ ಮೇಲೆ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಅಭ್ಯಾಸ ಶುರುಮಾಡಿದರು. ಬೆಕ್ಕು ಅಡ್ಡ ಬಂತೆಂದು ನಿಂತವರಿಗೆ "ಬೆಕ್ಕಿಗೂ ಕೆಲಸ ಇರುತ್ತೆ, ನಡೀರಿ" ಎನ್ನುತ್ತಿದ್ದ ಹೆಂಗಸು ಈಗ ಬಂದವರಿಗೆಲ್ಲ ಬೇರೆ ಲೋಕಗಳ ವಿಷಯ ಹೇಳುತ್ತಾ ಕುಳಿತಳು. ಹಿಡಿದ ಮೊಲಕ್ಕೆ ಮೂರೇ ಕಾಲು ಎಂದರೆ ಇದೇ.

ಗಂಡ ಹೊರಗೆ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಅವಳು ಒಳಗೆ ಬಂದು ನೋಡಿದರೆ, ಫಲಕದ ಮೇಲೆ 'ಮೂವತ್ತೊಂದು ವರ್ಷ' ಎನ್ನುವಲ್ಲಿಯವರೆಗೆ ಕೆತ್ತಿ ಉಳಿಯನ್ನು ಕೆಳಗಿಟ್ಟಿದ್ದ.

"ಯಾಕೆ ನಿಲ್ಲಿಸಿದ್ರಿ?"

"ಬಿದ್ದಿರೋದು ಸಿಗಲಿ ಅಂತ."

"ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ ನಿಮಗೆ."

"ನಂಬಿಕೆ ಇದೆ ಕಣೇ. ಗಡಿಯಾರಾನೂ ಇದೆ."

ಅವಳು ಮಾತು ಬಿಟ್ಟು ಅಡುಗೆಮನೆಗೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. ಸ್ಟೀಲಿನ ಲೋಟವೊಂದರ ಅಂಚಿನಲ್ಲಿ ಸಣ್ಣ ತಗ್ಗಿತ್ತು. ಎಡಗೈ ಬೆರಳಲ್ಲಿ ಸವರಿದಳು, ತಗ್ಗು ಸಿಕ್ಕಿತು. ಬಲಗೈ ಬೆರಳಲ್ಲಿ ಸವರಿದಳು, ಸಿಗಲಿಲ್ಲ. ಆರು ತಿಂಗಳಿಂದ ಹೀಗೆ. ಕಾವಿಗೆ ಸುಟ್ಟು ಸುಟ್ಟು ಬೆರಳ ತುದಿ ಮಂದವಾಗಿತ್ತು. ನಿವೃತ್ತಿಯವರೆಗೆ ತಳ್ಳಿದರಾಯಿತು ಎಂದು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಭಯವಾಯಿತು. ಲೋಟವನ್ನು ತಿರುಗಿಸಿ ತಿರುಗಿಸಿ ಹತ್ತು ಸಲ ನೋಡಿ, ಕೊನೆಗೆ ಕಪಾಟಿನ ಹಿಂದಕ್ಕೆ ತಳ್ಳಿದಳು.

ಸೋಮವಾರ ಬೆಳಿಗ್ಗೆ ಸಿಕ್ಕೇಬಿಟ್ಟಿತು. ಪಕ್ಕದ ಊರಿನ ಕೋಳಿಫಾರಮ್ಮಿನ ಚಾವಣಿ ಮೇಲೆ ಮುದುಡಿ ಬಿದ್ದಿತ್ತಂತೆ. ಎರಡು ದಿನದಿಂದ ಕೋಳಿಗಳು ಮೊಟ್ಟೆಯಿಟ್ಟಿರಲಿಲ್ಲವಂತೆ. ಲಾರಿಗೆ ಹಾಕಿ ಕಾರ್ಖಾನೆಗೆ ತಂದರು. ಹಿಂದೆ ಟಿವಿ ವ್ಯಾನು, ಅದರ ಹಿಂದೆ ಸೈಕಲ್ಲಿನಲ್ಲಿ ಡ್ರಿಲ್ ಮಾಸ್ತರರು, ಅವರ ಹಿಂದೆ ಗಂಡ.

ಮರಳಿ ಬಂದ ಬಲೂನನ್ನು ಬೆಸೆದವಳೇ ಪರೀಕ್ಷಿಸಬೇಕು, ಅದೂ ಅಲ್ಲಿನ ಪದ್ಧತಿ. ಬಲೂನನ್ನು ಮೇಜಿನ ಮೇಲೆ ಹರಡಿದರು. ಚಪ್ಪಟೆಯಾಗಿದ್ದ ಪಕ್ಕ ಯಾವುದೆಂದು ಶನಿವಾರ ಸಂಜೆ ಗಂಡ ತನ್ನ ಪುಸ್ತಕದಲ್ಲಿ ಬಿಡಿಸಿಕೊಂಡಿದ್ದ ಚಿತ್ರ ನೋಡಿ ಗುರುತಿಸಿದರು. ಆ ಪಕ್ಕದಲ್ಲಿ ಮೂರೇ ಬೆಸುಗೆ. ಗಾಜಿನ ಆಚೆ ಜನ ಮೂಗು ಒತ್ತಿ ನಿಂತರು. ಬೆಸುಗೆಯಕ್ಕ ಕಾಲುಚೀಲ ಹಾಕಿಕೊಂಡು, ಎಂದಿನಂತೆ ಬಲಗೈ ಬೆರಳಿಟ್ಟು, ಎಂಬತ್ತು ಮೀಟರು ನಡೆದಳು. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ಮೂರನೆಯದು. ಏನೂ ಇಲ್ಲ.

"ಎಲ್ಲಾ ಸರಿ ಇದೆಯಲ್ಲಕ್ಕಾ!" ಎಂದ ಮ್ಯಾನೇಜರು. ಅವನೂ ಅವಳ ಕೈಯಲ್ಲೇ ಕೆಲಸ ಕಲಿತವನು. ಅವನ ಮುಖ ಅರಳಿತ್ತು.

ಅಲ್ಲಿಗೇ ಬಿಡಬಹುದಿತ್ತು. ಬಿಟ್ಟಿದ್ದರೆ ಕೇಳುವವರಿರಲಿಲ್ಲ. ಆದರೆ ಬೆಸುಗೆಯಕ್ಕನಿಗೆ ಆ ಲೋಟದ ಅಂಚು ಬಿಡಲಿಲ್ಲ. ಅವಳು ಬಗ್ಗಿದಳು, ಯಾವ ಬೆರಳನ್ನೂ ನಂಬದೆ ಪ್ಲಾಸ್ಟಿಕ್ಕಿಗೆ ಕೆನ್ನೆ ತಾಗಿಸಿದಳು, ಮೇಜಿನುದ್ದಕ್ಕೂ ಸೊಂಟ ಬಗ್ಗಿಸಿಕೊಂಡೇ ಮತ್ತೆ ನಡೆದಳು. ಮೂರನೇ ಬೆಸುಗೆಯ ನಡುಮಧ್ಯೆ ಕೆನ್ನೆಗೆ ಏನೋ ಕಚಗುಳಿಯಿಟ್ಟಂತಾಯಿತು. ಅಕ್ಕಿಕಾಳಿನಷ್ಟು ಉದ್ದದ ಒಂದು ನಿರಿಗೆ, ಅದರ ತುದಿಯಲ್ಲಿ ಕಾವು ತಗುಲದೆ ಬಾಯಿ ಬಿಟ್ಟ ಜಾಗ. ಕಾರ್ಖಾನೆಯಿಂದ ಹೋಗುವ ಮೊದಲೊಮ್ಮೆ, ಈಗೊಮ್ಮೆ, ಎರಡು ಸಲ ಅವಳ ಬೆರಳು ಅದರ ಮೇಲೆಯೇ ಹಾದುಹೋಗಿತ್ತು.

ಮ್ಯಾನೇಜರು ಹತ್ತಿರ ಬಂದು ಪಿಸುಗುಟ್ಟಿದ. "ಅಕ್ಕಾ, ಪ್ಲಾಸ್ಟಿಕ್ಕೇ ಕಳಪೆ ಅಂತ ಬರೆದುಬಿಡೋಣ. ಇನ್ನು ಹನ್ನೆರಡು ದಿನ ಅಷ್ಟೇ. ಯಾರಿಗೆ ಗೊತ್ತಾಗುತ್ತೆ?"

ಅವಳಿಗೂ ಒಂದು ಗಳಿಗೆ ಬೇಕೆನಿಸಿತು. ಸುಳ್ಳು ಹೇಳಬಾರದು, ಬಹಳ ಬೇಕೆನಿಸಿತು. ಆಮೇಲೆ ಅವಳಿಗೆ ಎಲ್ಲಿತ್ತೋ ಸಿಟ್ಟು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇದನ್ನೇನಾ ನಿನಗೆ ನಾನು ಕಲಿಸಿದ್ದು? ಪ್ಲಾಸ್ಟಿಕ್ಕಿಗೆ ಬಾಯಿಲ್ಲ ಅಂತ ಅದರ ತಲೆಗೆ ಕಟ್ತೀಯಾ? ತಗೊಂಬಾ ರಿಜಿಸ್ಟರು."

ನಾಲ್ಕನೇ ನಂಬರಿನ ಎದುರು, ಮೂವತ್ತೊಂದು ವರ್ಷ ಬಿಳಿಯಾಗಿದ್ದ ಕಾಲಮ್ಮಿನಲ್ಲಿ, ತನ್ನ ಕೈಯಾರೆ 'ಒಂದು' ಎಂದು ಬರೆದಳು. ಹೊರಗೆ ಬಂದು ಮೈಕಿನ ಮುಂದೆ ತಾನಾಗಿಯೇ ನಿಂತಳು.

"ಬರ್ಕೊಳ್ಳಮ್ಮಾ. ಅದು ಬಲೂನು. ನಂದು. ತೂತೂ ನಂದೇ. ನಿನ್ನೆ ಹೇಳಿದ್ದು ಸುಳ್ಳು."

ಡ್ರಿಲ್ ಮಾಸ್ತರರ ಭುಜ ಇಳಿದುಹೋಯಿತು. "ಅಷ್ಟೇನಾ? ಬರೀ ಬಲೂನಾ?"

"ಬರೀ ಬಲೂನಾ? ಏನ್ರೀ ಮಾಸ್ತರೇ, ಬರೀ ಅಂದ್ರೆ? ನಲವತ್ತು ಬೆಸುಗೆ ಇದೆ ಅದರಲ್ಲಿ! ಮೂರು ತಿಂಗಳು ಬಗ್ಗಿದ ಸೊಂಟ ಇದೆ! ಅಲ್ಲಿಂದ ಬರೋರು ಇಂಥದ್ದೊಂದು ಮಾಡಿ ತೋರಿಸಲಿ, ಆಮೇಲೆ ಸಲ್ಯೂಟ್ ಹೊಡೀರಿ ಅವರಿಗೆ!"

ಮಾಸ್ತರರು ಅಭ್ಯಾಸಬಲದಿಂದ ಅವಳಿಗೇ ಇನ್ನೊಂದು ಸಲ್ಯೂಟು ಹೊಡೆದು ಸೈಕಲ್ಲು ಹತ್ತಿದರು.

ಗಂಡ ಹೆಂಡತಿ ಮನೆಯ ಕಡೆ ನಡೆದರು. ಮಾತು ಬಿಟ್ಟಿದ್ದು ಇಬ್ಬರಿಗೂ ಮರೆತುಹೋಗಿತ್ತು. ಫಲಕದ ಮೇಲೆ ಇನ್ನೇನು ಕೆತ್ತಲಿ ಎಂದು ಅವನು ಕೇಳಿದ. ಇದ್ದದ್ದನ್ನೇ ಕೆತ್ತಿ, ಒಂದು ಸೋರಿಕೆ ಅಂತ, ಎಂದಳು. ಬಸ್ ನಿಲ್ದಾಣ ದಾಟಿದ ಮೇಲೆ ತಟ್ಟನೆ ನಿಂತಳು.

"ರೀ, ಹೇಗಿತ್ತು ಅದು?"

ಅವನು ಜೇಬಿಗೆ ಕೈ ಹಾಕಿದ.

"ಹೊತ್ತು ಗೊತ್ತು ಬೇಡ. ನೋಡೋಕೆ ಹೇಗಿತ್ತು ಹೇಳಿ."

ಅವನಿಗೆ ಆಗ ಹೊಳೆಯಿತು. ಬಲೂನುಗಳನ್ನು ಹಾಸಿಗೆಯ ಹಾಗೆ ಮಡಿಸಿ ಪೆಟ್ಟಿಗೆಗೆ ಹಾಕಿ ಲಾರಿಗೇರಿಸುತ್ತಿದ್ದರು. ಹಾರಿಸುವ ಬಯಲು ಒಂದು ದಿನದ ದಾರಿ. ಇಷ್ಟು ವರ್ಷದಲ್ಲಿ ಅವಳು ತನ್ನ ಒಂದು ಬಲೂನೂ ಉಬ್ಬಿದ್ದನ್ನು ಕಂಡಿರಲಿಲ್ಲ.

"ಊರಲ್ಲೆಲ್ಲ ಕತ್ತಲಾಗಿತ್ತು," ಎಂದ ನಿಧಾನವಾಗಿ. "ಅದೊಂದರ ಮೇಲೆ ಮಾತ್ರ ಇನ್ನೂ ಬಿಸಿಲಿತ್ತು. ಜನ ಮಾತಾಡೋದನ್ನೇ ನಿಲ್ಲಿಸಿಬಿಟ್ರು."

"ಎಲ್ಲರೂ ನೋಡಿದ್ರಾ?"

"ಎಲ್ಲರೂ."

ಬೆಸುಗೆಯಕ್ಕನಿಗೆ ಬೀದಿಯ ನಡುವೆಯೇ ಅಳು ಬಂತು. "ತೂತು ಬಿಟ್ಟಿದ್ದಕ್ಕೇ ಅಲ್ವಾ ಅದು ಇಲ್ಲಿಗೆ ಬಂದದ್ದು? ಒಂದೂ ತೂತು ಬಿಡದೆ, ಒಂದನ್ನೂ ನೋಡದೆ ಇದ್ದುಬಿಟ್ಟೆನಲ್ಲ ರೀ ನಾನು!"

ಹಿಂದಿನಿಂದ ಸ್ಕೂಟರೊಂದು ಹಾರ್ನು ಹೊಡೆಯಿತು. ಗಂಡ ಮೊಣಕೈ ಹಿಡಿದು ಅವಳನ್ನು ಪಕ್ಕಕ್ಕೆಳೆದುಕೊಂಡ.

"ತುಂಬಾ ಚೆನ್ನಾಗಿತ್ತು ಕಣೇ," ಎಂದ. "ನೀನು ಮಾಡಿದ್ದು ಅಂತ ಗೊತ್ತಿದ್ದದ್ದು ನನಗೊಬ್ಬನಿಗೇ ಅಲ್ವಾ. ನನಗೆ ಎಲ್ಲರಿಗಿಂತ ಚೆನ್ನಾಗಿ ಕಾಣಿಸ್ತು."