ಮೂರನೆಯ ಎಲೆ

ಭೂತ, ಪ್ರೇತ, ಕನಸಿನಲ್ಲಿ ಬಂದ ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಮೊದಲು ನಗುತ್ತಿದ್ದೆ, ಆಮೇಲೆ ಕೇಳುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಅದು ಅಭ್ಯಾಸವಾಗಿಬಿಟ್ಟಿರುತ್ತದೆ. ಉಡುಪಿಯ ನಮ್ಮ ನೆರೆಹೊರೆಯವರು ಇಂಥ ಕತೆಗಳನ್ನು ನಾನು ಎದ್ದುಹೋದ ಮೇಲೆಯೇ ಶುರು ಮಾಡುತ್ತಿದ್ದರು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗಬೇಕೆನಿಸಿದವರು ಧಾರಾಳವಾಗಿ ನಗಲಿ, ನನಗೇನೂ ಬೇಸರವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೆ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಶಾಲೆಯಲ್ಲಿ ಮಾರ್ಸೆಲ್ ಎಂಬ ಭೂಗೋಳದ ಮಾಸ್ತರನಿದ್ದ, ಕಲ್ಯಾಣಪುರದವನು, ನನ್ನದೇ ವಯಸ್ಸು. ಕಲ್ಲು ಕಂಡಲ್ಲಿ ಸೈಕಲ್ ನಿಲ್ಲಿಸುವುದು ಅವನ ರೋಗ. ಮಲ್ಪೆಯಾಚೆಯ ದ್ವೀಪದಲ್ಲಿ ಕಂಬಗಳ ಹಾಗೆ ಎದ್ದು ನಿಂತ ಕಪ್ಪು ಕಲ್ಲುಗಳುಂಟಲ್ಲ, ಅವು ಭೂಮಿಯ ಹೊಟ್ಟೆಯಿಂದ ಬೆಂಕಿಯಾಗಿ ಉಕ್ಕಿ ಬಂದು ತಣಿದವು ಎಂದು ಅವನು ಹೇಳುವಾಗ, ಪಕ್ಕದಲ್ಲಿ ನಿಂತು ನೋಡಿದವನ ಧಾಟಿ ಇರುತ್ತಿತ್ತು. ಜನವರಿಯಲ್ಲಿ ಅವನ ಮದುವೆ ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಒಂದು ಸೈಕಲ್ ಪ್ರವಾಸ ಮಾಡಲೇಬೇಕೆಂದು ಹಟ ಹಿಡಿದ. ದ್ವೀಪದ ಕಲ್ಲು ನೋಡಿ, ಮರುದಿನ ಕಾಪುವಿನ ಬಂಡೆ, ಅಲ್ಲಿಂದ ಒಳನಾಡಿನ ಹಳೆಯ ಊರುಗಳನ್ನು ಹಾದು ಕಾರ್ಕಳದ ಗೊಮ್ಮಟನ ಬಂಡೆ, ಕೊನೆಗೆ ಮಣಿಪಾಲದ ಕೆಂಪು ಮುರಕಲ್ಲಿನ ಗುಡ್ಡ ಇಳಿದು ಮನೆ. ಮದುವೆಯಾದ ಮೇಲೆ ಹೆಂಡತಿ ಇಷ್ಟು ಕಲ್ಲು ನೋಡಲು ಬಿಡುವುದಿಲ್ಲ ಎಂಬುದು ಅವನ ಲೆಕ್ಕ.

ಒಂದು ವಿಷಯ ಇಲ್ಲಿಯೇ ಹೇಳಬೇಕು. ಮಾರ್ಸೆಲನಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಗ್ಗೆ ತಾನೇ ಸೂಜಿ ಚುಚ್ಚಿಕೊಳ್ಳುತ್ತಿದ್ದ. ಸೂಜಿಯಾದ ಮೇಲೆ ಹೊತ್ತುಹೊತ್ತಿಗೆ ಹೊಟ್ಟೆಗೆ ಬೀಳದಿದ್ದರೆ ಮೈಯ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ, ಹಾಗೆಯೇ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು. ಅದಕ್ಕಾಗಿ ಜೇಬಿನಲ್ಲಿ ಸದಾ ಪೆಪ್ಪರ್‌ಮಿಂಟು. ಅವನ ಮನೆಯವರಿಗೆ, ಮದುವೆಯಾಗಲಿರುವ ಹುಡುಗಿಗೆ ಮತ್ತು ನನಗೆ ಬಿಟ್ಟರೆ ಈ ಸಂಗತಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಡಿಸೆಂಬರಿನ ತಂಪು ಗಾಳಿಯಲ್ಲಿ ಉದ್ಯಾವರ ದಾಟಿ ಕಾಪು ಸೇರಿದ ಆ ದಿನ ನಾವು ಎಷ್ಟು ಖುಷಿಯಾಗಿದ್ದೆವೆಂದು ಹೇಳಿದರೆ ಮುಗಿಯದು. ಹೋಟೆಲಿನಲ್ಲಿ ಮೀನೂಟ ಹೊಡೆದು ದೀಪಸ್ತಂಭದ ಬಂಡೆ ಹತ್ತಿದೆವು. ಮಾರ್ಸೆಲ್ ಬಂಡೆಯ ಬುಡವನ್ನೂ ಮುಟ್ಟಿ ನೋಡಬೇಕೆಂದು ಕೆಳಗಿಳಿದ. ಒಂದು ದೊಡ್ಡ ಅಲೆ ಬಂದು ಅವನನ್ನು ಸೊಂಟದವರೆಗೆ ತೋಯಿಸಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅವನೂ ನಕ್ಕ. ಜೇಬಿನ ಪೆಪ್ಪರ್‌ಮಿಂಟು ನೆನಪಾಗಲು ನಮ್ಮಿಬ್ಬರಿಗೂ ಬಿಡುವಿರಲಿಲ್ಲ.

ಬೆಳ್ಮಣ್ಣಿನ ಚಹಾದಂಗಡಿಯಲ್ಲಿ ಯಾರೋ, ಒಳದಾರಿಯಲ್ಲಿ ಒಂದು ಪಾಳುಬಸದಿ ಉಂಟು, ಎಲ್ಲ ಕಪ್ಪು ಕಲ್ಲಿನದ್ದೇ ಎಂದರು. ಅಷ್ಟು ಕೇಳಿದ್ದೇ ಮಾರ್ಸೆಲ್ ತಿಂಡಿಯನ್ನೂ ಮರೆತು ಸೈಕಲ್ ಏರಿಬಿಟ್ಟ. ಗದ್ದೆಯ ಬದು, ಪಾದೆಗಲ್ಲು, ಮುಳ್ಳುಬೇಲಿ ಎಂದು ಸೈಕಲನ್ನು ತಳ್ಳಿದ್ದೇ ಹೆಚ್ಚು. ಬಸದಿ ಸಿಕ್ಕಿತು. ನೋಡಿ ಹೊರಟಾಗ ಬಿಸಿಲು ಹಳದಿಯಾಗಿತ್ತು, ದಾರಿ ತಪ್ಪಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾರ್ಸೆಲ್ ಅರ್ಥವಿಲ್ಲದ ಮಾತಾಡತೊಡಗಿದ. ಬೆವರು ಧಾರೆಯಾಗಿ ಇಳಿಯುತ್ತಿತ್ತು, ಕೈ ನಡುಗುತ್ತಿತ್ತು. ಅವನ ಜೇಬಿಗೆ ಕೈ ಹಾಕಿದೆ. ಉಪ್ಪುನೀರಿನಲ್ಲಿ ಕರಗಿದ ಪೆಪ್ಪರ್‌ಮಿಂಟು ಕಾಗದಕ್ಕೆ ಮೆತ್ತಿದ ಅಂಟಷ್ಟೇ ಆಗಿತ್ತು. ಅದನ್ನೇ ನೆಕ್ಕಿಸಲು ನೋಡಿದೆ, ಉಪ್ಪೆಂದು ಉಗಿದುಬಿಟ್ಟ. ಆಮೇಲೆ ನೆಲಕ್ಕೆ ಕೂತ.

ಸೈಕಲ್ಲುಗಳನ್ನು ಅಲ್ಲೇ ಬಿಟ್ಟು, ಅವನ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು, ಹೊಗೆ ಕಂಡ ಕಡೆಗೆ ಎಳೆದುಕೊಂಡು ನಡೆದೆ. ಅವನ ಹುಡುಗಿಗೆ ಏನೆಂದು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಗದ್ದೆಯಾಚೆ ಒಂದು ಹಂಚಿನ ಮನೆ. ಅಂಗಳದ ತುದಿಯಲ್ಲಿ ವಯಸ್ಸಾದವರೊಬ್ಬರು ಹಣೆಗೆ ಕೈ ಅಡ್ಡ ಹಿಡಿದು ನಮ್ಮ ದಾರಿಯನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಓಡಿ ಬಂದು ಮಾರ್ಸೆಲನ ಇನ್ನೊಂದು ತೋಳು ಹಿಡಿದರು.

"ಬನ್ನಿ ಮಾಸ್ಟ್ರೇ, ಹೊತ್ತು ಕಂತುವುದಕ್ಕೆ ಬಂತು. ಸೌಖ್ಯ ಇಲ್ಲದ್ದು ಇವರಿಗೇ ಅಲ್ವಾ? ಬೆಲ್ಲ ಕಲಸಿ ಇಟ್ಟಿದ್ದೇವೆ."

ಜಗಲಿಯಲ್ಲಿ ಚೊಂಬಿನ ತುಂಬ ಬೆಲ್ಲದ ನೀರು ಸಿದ್ಧವಾಗಿತ್ತು. ನಮ್ಮ ಕಡೆ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ಪದ್ಧತಿ, ಬೆಲ್ಲ ಬೇರೆ, ನೀರು ಬೇರೆ. ಇದನ್ನು ಮೊದಲೇ ಕಲಸಿಟ್ಟಿದ್ದರು, ಅಗಿಯಲಾರದವನಿಗೆ ಕುಡಿಸಲೆಂದೇ ಮಾಡಿದ ಹಾಗೆ. ಗುಟುಕು ಗುಟುಕಾಗಿ ಕುಡಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಮಾರ್ಸೆಲ್ ಕಣ್ಣರಳಿಸಿ, ಜಗಲಿಯ ಮೆಟ್ಟಿಲು ಸವರಿ, "ಒಳ್ಳೆಯ ಕಲ್ಲು ಮಾರಾಯ" ಎಂದ. ನನಗೆ ಅಳು ಬಂತು, ಅತ್ತೇಬಿಟ್ಟೆ.

ಅವರ ಹೆಸರು ಧರಣಪ್ಪ, ಜೈನರು. ಆ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಚಾವಡಿಯಲ್ಲಿ ಬಾಳೆಲೆ ಹಾಕಿ ಆಗಿತ್ತು. ಯಾವ ಜಾತಿ, ಯಾವ ಮತ ಎಂದು ಕೇಳದೆ ನಮ್ಮನ್ನು ಕೂರಿಸಿದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ. ಈರುಳ್ಳಿಯ ಸುದ್ದಿಯೇ ಇಲ್ಲದ ಆ ಊಟದ ರುಚಿ ನನಗೆ ಮತ್ತೆ ಎಲ್ಲೂ ಸಿಕ್ಕಿಲ್ಲ. ಎರಡನೆಯ ಸಲ ಬಡಿಸುವಾಗ ನಾನು ಗಮನಿಸಿದೆ. ಎಲೆಗಳು ಮೂರಿದ್ದವು.

ಮೂರನೆಯದು ಯಾರಿಗೆಂದು ಕೇಳಿದ್ದಕ್ಕೆ ಧರಣಪ್ಪನವರಿಗೇ ಆಶ್ಚರ್ಯವಾಯಿತು. "ನಿಮ್ಮ ಜೊತೆಯವರಿಗೆ. ಮುಂಚೆಯೇ ಬಂದು ಹೇಳಿ ಹೋದರಲ್ಲ!"

ಅವರು ಹೇಳಿದ್ದಿಷ್ಟು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಸೈಕಲಿನಲ್ಲಿ ಒಬ್ಬರು ಬಂದರು. ಎತ್ತರದ ಆಳು, ನಗುಮುಖ. ಇಳಿಯಲೂ ಇಲ್ಲ, ಒಂದು ಕಾಲನ್ನು ಜಗಲಿಗೆ ಊರಿ ನಿಂತೇ ಮಾತಾಡಿದರು. ಹಿಂದಿನಿಂದ ಇಬ್ಬರು ಮಾಸ್ತರರು ಬರುತ್ತಾರೆ, ಒಬ್ಬರಿಗೆ ಸೌಖ್ಯವಿಲ್ಲ, ಬಂದ ಕೂಡಲೇ ಬೆಲ್ಲ ಕುಡಿಸಿ, ಊಟಕ್ಕೆ ನಾನೂ ಅವರೊಟ್ಟಿಗೆ ಇರುತ್ತೇನೆ ಎಂದು ಹೇಳಿ ಹೋದರಂತೆ.

ಮಧ್ಯಾಹ್ನದ ಆ ಹೊತ್ತಿನಲ್ಲಿ ನಾವು ಕಾಪುವಿನಲ್ಲಿದ್ದೆವು. ಮಾರ್ಸೆಲ್ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದ. ಪಾಳುಬಸದಿಯ ಹೆಸರನ್ನೇ ನಾವು ಇನ್ನೂ ಕೇಳಿರಲಿಲ್ಲ. ನಮ್ಮ ಜೊತೆಯಲ್ಲಿ ಯಾರೂ ಇರಲಿಲ್ಲ.

ಹಾಗೆಂದು ಹೇಳಿದೆ. ಧರಣಪ್ಪನವರು, ಬರುತ್ತೇನೆ ಎಂದವರು ಬರಬಹುದು ಎಂದು ಅಂಗಳಕ್ಕೆ ಹೋಗಿ ನಿಂತರು. ಅತಿಥಿಗಳೆಲ್ಲ ಉಣ್ಣದೆ ಯಜಮಾನ ಉಣ್ಣುವಂತಿಲ್ಲ. ಸೂರ್ಯ ಗದ್ದೆಯಾಚೆ ಇಳಿದ. ಯಾರೂ ಬರಲಿಲ್ಲ. ಹೊತ್ತು ಕಂತಿದ ಮೇಲೆ ಅವರು ಒಳಗೆ ಬಂದು, "ಇನ್ನು ನನಗೆ ನಾಳೆಯೇ" ಎಂದು ನಗುತ್ತಾ ಕಾಲು ತೊಳೆದುಕೊಂಡರು. ಒಂದು ತುತ್ತೂ ತಿನ್ನದೆ ಮಲಗಿದರು. ಬಂದು ಹೇಳಿದವನನ್ನು ನಾನು ಬೇಕಾದರೆ ನಂಬದಿರಬಹುದು. ಅವನಿಗಾಗಿ ಒಬ್ಬರು ಹಸಿದು ಮಲಗಿದ್ದನ್ನು ನಂಬದಿರುವುದು ಹೇಗೆ?

ಆಮೇಲೆ ವಿಚಾರಿಸದೆ ಬಿಡಲಿಲ್ಲ. ಬೆಳ್ಮಣ್ಣಿನಲ್ಲಿ ಕೇಳಿದೆ, ಶಾಲೆಯಲ್ಲಿ ಕೇಳಿದೆ, ಮಾರ್ಸೆಲನ ನೆಂಟರಿಷ್ಟರನ್ನೂ ಬಿಡಲಿಲ್ಲ. ನನ್ನ ತಾಯಿ ದೈವ ಎಂದರು, ಅವನ ತಾಯಿ ಕಾವಲುದೂತ ಎಂದರು. ಇಬ್ಬರನ್ನೂ ಒಂದೇ ಕಡೆ ಕೂರಿಸಿದ್ದರೆ ಜಗಳವೇ ಆಗುತ್ತಿತ್ತು. ಜನವರಿಯಲ್ಲಿ ಮದುವೆ ಭರ್ಜರಿಯಾಗಿ ನಡೆಯಿತು. ಧರಣಪ್ಪನವರು ಬಂದು ಹಣ್ಣು ತಿಂದು, ಬೆಳಕಿರುವಾಗಲೇ ಹೊರಟರು. ಸೈಕಲಿನಲ್ಲಿ ಬಂದು ಹೇಳಿದವರು ಯಾರೆಂದು ಅವರಿಗೂ ತಿಳಿದಿರಲಿಲ್ಲ.

ಆ ಪ್ರವಾಸದ ಕೊನೆಯದೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಮರುದಿನ ಬೆಳಗ್ಗೆ ದಾರಿಯಲ್ಲಿ ಬಿಟ್ಟಿದ್ದ ಸೈಕಲ್ಲುಗಳನ್ನು ತಂದೆವು. ಮಾರ್ಸೆಲ್ ಹೊಟ್ಟೆ ತುಂಬ ತಿಂದು, ಜೇಬಿನ ತುಂಬ ಬೆಲ್ಲ ತುಂಬಿಸಿಕೊಂಡು, ಕಾರ್ಕಳದ ಬಂಡೆಯನ್ನು ತಟ್ಟಿ ಮಾತಾಡಿಸಿಯೇ ಹೊರಟ. ಹಿರಿಯಡ್ಕದ ಮೇಲಾಗಿ ಮಣಿಪಾಲಕ್ಕೆ ಬಂದೆವು. ಅಲ್ಲಿಂದ ಉಡುಪಿಗೆ ಇಳಿಜಾರು, ಪೆಡಲ್ ತುಳಿಯುವ ಕೆಲಸವೇ ಇಲ್ಲ. ದೂರದಲ್ಲಿ ಸಮುದ್ರ ಹೊಳೆಯುತ್ತಿತ್ತು. ಇಬ್ಬರೂ ಶಾಲೆ ಬಿಟ್ಟ ಮಕ್ಕಳ ಹಾಗೆ ಕೂಗುತ್ತಾ ಅಕ್ಕಪಕ್ಕದಲ್ಲಿ ಇಳಿದೆವು. ಅರ್ಧ ದಾರಿಯಲ್ಲಿ ನೋಡುತ್ತೇನೆ, ನಾನು ಎಡ ಅಂಚಿನಲ್ಲಿದ್ದೇನೆ, ಅವನು ಬಲ ಅಂಚಿನಲ್ಲಿದ್ದಾನೆ, ನಡುವೆ ಇನ್ನೊಂದು ಸೈಕಲ್ ಆರಾಮವಾಗಿ ಹೋಗುವಷ್ಟು ಜಾಗ ಬಿಟ್ಟಿದ್ದೇವೆ. ಹಾಗೆ ಬಿಡೋಣವೆಂದು ನಾವು ಮಾತಾಡಿಕೊಂಡಿರಲಿಲ್ಲ. ಅವನೂ ಅದೇ ಕ್ಷಣದಲ್ಲಿ ಅದನ್ನು ಕಂಡ. ನಮ್ಮಲ್ಲಿ ಯಾರೂ ಹತ್ತಿರ ಸರಿಯಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ತುಂಬ ಸಂತೋಷವಾಯಿತು.